ದೊಡ್ಡಪ್ಪನ ಅಂಗಡಿಯಲ್ಲಿ ನನ್ನ ಸಾಲದ ಲೆಕ್ಕ

ಗೆಳೆಯರೇ, ಇವತ್ತು ಹಿರೇಕೆರೂರು ಪೇಟೆಗೆಲ್ಲ ನನ್ನ ಸಾಲ ಗೊತ್ತಾಯಿತು. ಸಾರಿದವಳೂ ನಾನೇ.

ಕಿವಿ ಪರೀಕ್ಷಿಸುವ, ಮಾತಿನ ತೊಂದರೆ ತಿದ್ದುವ ಡಿಗ್ರಿಗೆ ಸೀಟು ಸಿಕ್ಕಿದೆ. ಬ್ಯಾಂಕಿನ ಸಾಲಕ್ಕೆ ಜಾಮೀನು ಕೇಳಲು ದೊಡ್ಡಪ್ಪನ ಗೋವಿನಜೋಳದ ಅಂಗಡಿಗೆ ಹೋಗಿದ್ದೆ. ಸಂತೆಯ ದಿನ ಬೇರೆ.

"ಸಾಲ ಎಷ್ಟ?"

ಹೇಳಿದೆ.

"ಆಂ?"

ಜೋರಾಗಿ ಹೇಳಿದೆ.

"ಈಗಿನ ಹುಡುಗ್ಯಾರಿಗೆ ದನಿನ ಇಲ್ಲ. ಗಟ್ಟಿ ಹೇಳವಾ!"

ಕಿರುಚಿದೆ. ಹಮಾಲರು ಚೀಲ ಇಳಿಸಿ ನಿಂತರು.

"ಪಗಾರ ಎಷ್ಟ ಬರತೈತಿ?"

ಮೊದಮೊದಲು ಕಮ್ಮಿಯೇ ಎಂದು ಆ ಮೊತ್ತವನ್ನೂ ಕಿರುಚಿದೆ. ಎದುರಿನ ಅಂಗಡಿಯವರು ಕೂತಲ್ಲಿಂದಲೇ "ಅಷ್ಟ ಏನ? ಕಂತು ಹೆಂಗ ತುಂಬ್ತಿ?" ಎಂದರು. ಬಾಳೆಹಣ್ಣು ಮಾರುವವಳು "ಸುಮ್ನ ಬಿ.ಎಡ್ ಮಾಡವಾ" ಎಂದಳು.

ದೊಡ್ಡಪ್ಪ ಕ್ಯಾಲ್ಕುಲೇಟರ್ ಪಕ್ಕಕ್ಕೆ ಸರಿಸಿದ. "ಈ ಪಗಾರದಾಗ ಸಾಲ ಹರಿಯಂಗಿಲ್ಲ. ನಾ ಜಾಮೀನ ಆಗಂಗಿಲ್ಲ. ಕಿವಿ ಕೇಳಲ್ದಾವ್ರು ನಮ್ಮ ಕಡೆ ಯಾರ ಅದಾರ? ನಿನ್ನ ಹತ್ರ ಬರಾವ್ರು ಯಾರು?"

ನನ್ನ ಗಂಟಲು ಅಷ್ಟೊತ್ತಿಗೆ ಹೋಗಿತ್ತು. "ನೀನ ಅದೀಯಲ್ಲ, ದೊಡ್ಡಪ್ಪಾ" ಎಂದು ಇದ್ದಷ್ಟು ದನಿಯಲ್ಲಿ ಹೇಳಿದೆ.

ಅದು ಎದುರಿನ ಅಂಗಡಿಯವರಿಗೂ ಕೇಳಿಸಿತು, ಅವರು ನಕ್ಕರು. ದೊಡ್ಡಪ್ಪ ಮಾತ್ರ ಕೈ ಕಿವಿಗಿಟ್ಟು, "ಆಂ?" ಅಂದ.