ಹೆಪ್ಪುಗಟ್ಟಿದ ನಳಗಳ ಚಾಚಾ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಅದರ ಹಿಡಿಯನ್ನು ಬಲಗಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು ಚಾಚಾ. ಮೊಣಕಾಲಿಗೆ ಕಪ್ಪು ರಬ್ಬರಿನ ಪಟ್ಟಿ, ಬಿಳಿ ಗಡ್ಡದ ತುದಿಯಲ್ಲಿ ನೆಲದಡಿಯಿಂದ ಅಂಟಿಸಿಕೊಂಡು ಬಂದ ಜೇಡರ ಬಲೆ. ಗೋಡೆಯೊಳಗೆ ಎಲ್ಲಾದರೂ ನೀರು ಸೋರುತ್ತಿದ್ದರೆ ಒಂದು ಹುಬ್ಬು ಮೇಲೇಳುತ್ತಿತ್ತು. ಆಗ ಮಾತನಾಡಿಸಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು.

ಗದಗದ ಕಡೆಯವರು. ವೆಲ್ಲಿಂಗ್ಟನ್ ಹತ್ತಿರದ ಅಪ್ಪರ್ ಹಟ್‌ನಲ್ಲಿ ಪ್ಲಂಬರ್. ಊರಿನಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿದ್ದರೂ ಇಲ್ಲಿಗೆ ಬಂದ ಮೇಲೆ ಮತ್ತೆ ಪುಸ್ತಕ ಹಿಡಿದು, ಮಗನ ವಯಸ್ಸಿನವರ ಜೊತೆ ಕುಳಿತು ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು. ನಾನು ಮೈಸೂರಿನವಳು, ವೆಲ್ಲಿಂಗ್ಟನ್‌ನ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮಿಬ್ಬರಿಗೂ ಪರಿಚಯ ಮಾಡಿಸಿದ್ದು ಒಂದು ತುಂಡು ಮಂಜುಗಡ್ಡೆ.

ನಾವು ಬೇಸಿಗೆಯಲ್ಲಿ ಕೊಂಡ ಹಳೆಯ ಮರದ ಮನೆ ಅದು. ಗಂಡನಿಗೆ ಹ್ಯಾಮಿಲ್ಟನ್‌ನಲ್ಲಿ ಕೆಲಸ, ವಾರದ ಕೊನೆಗೆ ಮಾತ್ರ ಬರುತ್ತಿದ್ದರು. ಜೂನ್ ಎಂದರೆ ಇಲ್ಲಿ ಚಳಿಗಾಲ; ಆ ತಿಂಗಳ ಒಂದು ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿತ್ತು. ಆರು ವರ್ಷದ ಮಗಳು ಹಲ್ಲುಜ್ಜುವ ಬ್ರಷ್ ಹಿಡಿದು ಬಂದು, "ಮಮ್, ದ ಟ್ಯಾಪ್ ಈಸ್ ಬ್ರೋಕನ್" ಎಂದಳು. ಮನೆಯ ಯಾವ ನಲ್ಲಿಯಲ್ಲೂ ಹನಿ ನೀರಿಲ್ಲ. ಹೊರಗೋಡೆಯ ಮೇಲೆ ಬೆತ್ತಲೆಯಾಗಿ ಓಡುವ ಪೈಪನ್ನು ಮುಟ್ಟಿದೆ, ಬೆರಳು ಕೊರೆಯಿತು. ಜಗ್‌ನಲ್ಲಿ ಉಳಿದಿದ್ದ ನೀರನ್ನು ಕುದಿಸಿ ಅದರ ಮೇಲೆ ಸುರಿದೆ. ಏನೂ ಆಗಲಿಲ್ಲ. ಇಲ್ಲಿನವರು ಡೈರಿ ಎನ್ನುವ ಮೂಲೆಯಂಗಡಿಗೆ ನೀರಿನ ಬಾಟಲಿ ತರಲು ಹೋದಾಗ ಅಂಗಡಿಯಾಕೆ, ನಿಮ್ಮ ಭಾಷೆಯವರೇ ಒಬ್ಬರಿದ್ದಾರೆ ಎಂದು ನಂಬರು ಕೊಟ್ಟಳು.

"ಕುದಿಯೂ ನೀರ ಸುರಿದಿಯೇನು?" ಫೋನಿನಲ್ಲಿ ಅವರು ಮೊದಲು ಕೇಳಿದ್ದೇ ಅದು.

"ಒಂದೇ ಒಂದು ಕೆಟಲ್ ಹಾಕಿದೆ ಅಂಕಲ್."

"ಇನ್ನೊಂದು ಹಾಕಬ್ಯಾಡ. ಪೈಪು ಒಡದೀತು. ನಳ ಎಲ್ಲಾ ತಿರುವಿ ಇಡು. ಬಂದೆ."

ಹಿಂದೆ ಸಾಮಾನು ಹೊರುವ ಬಿಳಿ ಯೂಟ್ ಗಾಡಿಯಿಂದ ಇಳಿದವರು ಉಪಕರಣದ ಪೆಟ್ಟಿಗೆ ಮುಟ್ಟಲಿಲ್ಲ. "ಟೋಬಿ ಎಲ್ಲೈತಿ?" ಎಂದರು.

"ನಮ್ಮನೇಲಿ ನಾಯಿ ಇಲ್ಲ ಅಂಕಲ್."

ಅವರು ನಗಲು ಶುರುಮಾಡಿದವರು ಯೂಟ್‌ನ ಬಾಗಿಲು ಹಿಡಿದುಕೊಳ್ಳಬೇಕಾಯಿತು. "ನಾಯಿ ಅಲ್ಲ ತಂಗಿ. ಬೀದಿಯಿಂದ ಮನಿಗೆ ನೀರ ಬರತೈತೆಲ್ಲ, ಅದನ್ನ ಬಂದ್ ಮಾಡೂ ವಾಲ್ವ್. ಮತ್ತ ಅಂಕಲ್ ಬ್ಯಾಡ, ಚಾಚಾ ಅನ್ನು." ಫುಟ್‌ಪಾತಿನ ಅಂಚಿನ ಹುಲ್ಲು ಕೆದರಿ ಒಂದು ಪುಟ್ಟ ಮುಚ್ಚಳ ಹುಡುಕಿದರು. ನನ್ನ ಕೈಯಲ್ಲೇ ಅದನ್ನು ತೆಗೆಸಿ, ಮೂರು ಸಲ ಮುಚ್ಚಿಸಿ ಮೂರು ಸಲ ತೆರೆಸಿದರು. ಆಮೇಲೆ ಕೇಳಿದ್ದು ನನ್ನ ಹೇರ್ ಡ್ರೈಯರ್.

ನಲ್ಲಿಯ ಬುಡದಿಂದ ಶುರುಮಾಡಿ, ಪೈಪಿನ ಮೇಲೆ ಗೇಣು ಗೇಣಾಗಿ ಹಿಂದಕ್ಕೆ ಬಿಸಿಗಾಳಿ ಹಾಯಿಸುತ್ತ ಹೋದರು. ನಡುವಿನಿಂದ ಕರಗಿಸಿದರೆ ನೀರು ಎರಡು ಕಡೆಯ ಮಂಜುಗಡ್ಡೆಯ ನಡುವೆ ಸಿಕ್ಕಿಬಿದ್ದು ಪೈಪನ್ನು ಸೀಳುತ್ತದಂತೆ. "ನೀರಿಗೆ ಹೊರಗ ಹೋಗಾಕ ದಾರಿ ಬೇಕು. ದಾರಿ ಕೊಟ್ರ ಅದು ಯಾರಿಗೂ ತ್ರಾಸ ಕೊಡೂದಿಲ್ಲ" ಎನ್ನುತ್ತ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕುಳಿತರು. ಅಡುಗೆಮನೆಯ ನಲ್ಲಿ ಕೆಮ್ಮಿತು, ಉಗುಳಿತು, ಹರಿಯಿತು. ಮಗಳು ಚಪ್ಪಾಳೆ ತಟ್ಟಿದಳು.

ಆ ಶನಿವಾರ ಮತ್ತೆ ಬಂದು ಹೊರಗಿನ ಪೈಪಿಗೂ ನೆಲದಡಿಯ ಪೈಪುಗಳಿಗೂ ಬೂದು ಬಣ್ಣದ ಫೋಮ್ ಕೊಳವೆ ತೊಡಿಸಿದರು. ಮೂಲೆಗಳಲ್ಲಿ ಬೆರಳಿನಷ್ಟೂ ಜಾಗ ಬಿಡದೆ ಟೇಪು ಸುತ್ತಿದರು. "ಬಿಸಲ ನಾಡಿನ ಮಂದಿ ಕಟ್ಟಿದಾಂಗ ಮನಿ ಕಟ್ಯಾರ ತಂಗಿ ಇವರು. ವರ್ಷದಾಗ ಹತ್ತು ಮುಂಜಾನೆ ಹೆಪ್ಪುಗಟ್ಟತೈತಿ. ಆ ಹತ್ತು ಮುಂಜಾನೆ ಯಾರಿಗೂ ನೆನಪಿರೂದಿಲ್ಲ." ಹೋಗುವಾಗ, ನೀರು ಹೆಪ್ಪುಗಟ್ಟುವಷ್ಟು ಚಳಿಯ ಮುನ್ಸೂಚನೆ ಇದ್ದರೆ ಮಲಗುವ ಮುಂಚೆ ಎಲ್ಲಕ್ಕಿಂತ ದೂರದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡು ಎಂದು ಮಗಳಿಗೆ ಹೇಳಿದರು. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಇವರು ಕನ್ನಡ ಬಿಡುತ್ತಿರಲಿಲ್ಲ. ಅಂದಿನಿಂದ ಆ ಕೆಲಸ ಅವಳದೇ ಆಯಿತು.

ಆಮೇಲೆ ಅವರು ಕೆಲಸವಿಲ್ಲದಾಗಲೂ ಬರತೊಡಗಿದರು. ನನ್ನ ಚಟ್ನಿಪುಡಿಗೆ ಬೆಲ್ಲ ಜಾಸ್ತಿ ಎಂದು ಆಡಿಕೊಳ್ಳುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ನೆಪದಲ್ಲಿ ಸಿಂಕಿನ ಕೆಳಗೆ ಬಗ್ಗಿ ನೋಡುವುದು ಅವರ ಅಭ್ಯಾಸ. ಚಾಚಿ ಮುಜುಗರದಿಂದ, "ಊಟಕ್ಕ ಕರದಾರ ರೀ, ಇನ್‌ಸ್ಪೆಕ್ಷನ್‌ಗಲ್ಲ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಅವರು ಸಿಟ್ಟಾಗಿದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಎರಡನೆಯ ಚಳಿಗಾಲದಲ್ಲಿ ನನ್ನ ಗಂಡ ಉರಿ ಕಾರುವ ಒಂದು ಗ್ಯಾಸ್ ಟಾರ್ಚ್ ತಂದು ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯ ಶೆಲ್ಫಿನಲ್ಲಿಟ್ಟಿದ್ದರು, ಪೈಪು ಹೆಪ್ಪುಗಟ್ಟಿದರೆ ಚಾಚಾಗೆ ತೊಂದರೆ ಕೊಡದೆ ನಾವೇ ಕರಗಿಸಿಕೊಳ್ಳೋಣ ಎಂದು. ಚಹಾ ಕುಡಿಯಲು ಬಂದ ಚಾಚಾ ಅದನ್ನು ಕಂಡವರೇ ಕಪ್ಪು ಕೆಳಗಿಟ್ಟರು.

"ಇದನ್ನ ಯಾರು ತಂದ್ರು?"

ಗಂಡ ವಿವರಿಸಲು ಹೋದರು. ಚಾಚಾ ಟಾರ್ಚನ್ನು ಎತ್ತಿಕೊಂಡು ಹೋಗಿ ಯೂಟ್‌ನಲ್ಲಿಟ್ಟು ಬಂದರು. ಬಂದು ಕುಳಿತು ಹೇಳಿದರು.

ಅವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಒಬ್ಬ ಪ್ಲಂಬರ್ ಧಣಿಯ ಕೈಕೆಳಗೆ ಕೆಲಸ. ಒಂಟಿ ಮುದುಕಿಯೊಬ್ಬಳ ಮನೆಯಲ್ಲಿ ಗೋಡೆಯೊಳಗಿನ ಪೈಪು ಹೆಪ್ಪುಗಟ್ಟಿತ್ತು. ಇನ್ನೂ ಮೂರು ಮನೆಗೆ ಹೋಗಬೇಕಿತ್ತು, ಅವಸರ. ಟಾರ್ಚ್ ಹಿಡಿದರು. ಐದು ನಿಮಿಷಕ್ಕೆ ನೀರು ಬಂತು, ಮುದುಕಿ ಕೈ ಕುಲುಕಿದಳು. ಇವರು ಹೊರಟು ಹೋದ ಮೇಲೆ, ಗೋಡೆಯೊಳಗೆ ಕಾದಿದ್ದ ಒಣಮರ ಒಳಗೊಳಗೇ ಹೊಗೆಯಾಡಿ ಹತ್ತಿಕೊಂಡಿತು. ಮುದುಕಿ ಬೆಕ್ಕನ್ನು ಅವುಚಿಕೊಂಡು ಹೊರಗೆ ಬಂದಳು. ಮನೆಯ ಹಿಂಭಾಗ ಸುಟ್ಟುಹೋಯಿತು.

"ಧಣಿ ಅಂದ, ವಾಯರಿಂಗ್ ಹಳೇದಿತ್ತು ಅನ್ನು, ಯಾರಿಗೂ ಗೊತ್ತಾಗೂದಿಲ್ಲ ಅಂತ. ವಿಚಾರಣೆಗೆ ಬಂದವರ ಮುಂದ ಟಾರ್ಚ್ ಹಿಡದವ ನಾನ ಅಂದೆ. ಮರುದಿನ ಕೆಲಸ ಹೋತು." ಒಂದು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದರು. ಶನಿವಾರ ಶನಿವಾರ ಆ ಮುದುಕಿಯ ಮನೆಗೆ ಹೋಗಿ, ಮನೆ ಕಟ್ಟುವವರ ಜೊತೆ ಹಲಗೆ ಹೊತ್ತರು. ಮೊದಲೆರಡು ವಾರ ಅವಳು ಇವರ ಮುಖ ನೋಡಲಿಲ್ಲ. ಮೂರನೆಯ ವಾರ ಒಂದು ಕಪ್ ಚಹಾ ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳಂತೆ.

"ಆಕಿ ಆ ಹೊತ್ತಿನಾಗ ಮಲಗಿದ್ರ?" ಎಂದು ಚಾಚಾ ನಮ್ಮಿಬ್ಬರನ್ನೂ ನೋಡಿದರು.

ಕಳೆದ ಚಳಿಗಾಲದ ಹೊತ್ತಿಗೆ ಅವರ ಶ್ವಾಸಕೋಶ ಕೆಟ್ಟಿತ್ತು. ಯೂಟ್ ಮಾರಿ ಮನೆಯಲ್ಲೇ ಇದ್ದರು. ಆದರೂ ಜನ ಅವರಿಗೇ ಫೋನು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಎಂಟು ಗಂಟೆಗೆ ನನಗೆ ಕರೆ ಬಂತು. "ನಿನ್ನ ಹಿಂದಿನ ಬೀದ್ಯಾಗ ಮಂಡ್ಯದ ಹುಡುಗ, ಹೆಂಡತಿ ಹೊಸದಾಗಿ ಬಂದಾರ. ನಳ ಗಟ್ಟಿಯಾಗೈತಿ. ಹೋಗಿ ನೋಡವಾ, ನನಗ ಆಗೂದಿಲ್ಲ."

"ನಾನೇನು ಮಾಡ್ಲಿ ಚಾಚಾ?"

"ನಾ ಮಾಡಿದ್ದು ನೋಡೀಯಲ್ಲ."

ಹೇರ್ ಡ್ರೈಯರ್ ಹಿಡಿದು ಓಡಿದೆ. ಬಾಗಿಲು ತೆರೆದಿತ್ತು. ಬಸುರಿ ಹುಡುಗಿ ಅಡುಗೆಮನೆಯಲ್ಲಿ ನಿಂತಿದ್ದಳು. ಅವಳ ಗಂಡ ಲಾಂಡ್ರಿಯ ಗೋಡೆಯ ಹಲಗೆ ಬಿಚ್ಚಿ ಟಾರ್ಚ್ ಹೊತ್ತಿಸಿಕೊಂಡಿದ್ದ. ನೀಲಿ ಉರಿ ಮರದಿಂದ ಒಂದು ಗೇಣು ದೂರದಲ್ಲಿತ್ತು.

"ಅದನ್ನ ಆರಿಸಿ."

"ಯೂಟ್ಯೂಬಲ್ಲಿ ಹಿಂಗೇ ತೋರ್ಸವ್ರೆ ಅಕ್ಕ, ಎರಡೇ ನಿಮಿಷ."

ಆರಿಸುವವರೆಗೂ ನಾನು ಅವನ ಮತ್ತು ಗೋಡೆಯ ನಡುವೆ ನಿಂತೆ. ನಿಂತು ಆ ಮುದುಕಿಯ ಕಥೆ ಹೇಳಿಬಿಟ್ಟೆ, ಮಾಡಿದವರು ಯಾರೆಂಬುದನ್ನೂ ಸೇರಿಸಿ. ಹುಡುಗ ಹೆಂಡತಿಯ ಕಡೆ ನೋಡಿದ. ಟಾರ್ಚನ್ನು ಹೊರಗೆ ಅಂಗಳದಲ್ಲಿಟ್ಟು ಬಂದ. ನಾನು ಹೇರ್ ಡ್ರೈಯರ್ ಹಿಡಿದು ಪೈಪಿನೊಳಗಿನ ಮಂಜುಗಡ್ಡೆ ಕರಗಿಸಿದಾಗ ನೆಲದಡಿಯಲ್ಲಿ ಬುಸುಗುಟ್ಟುವ ಸದ್ದು ಕೇಳಿತು, ಪೈಪು ಮೊದಲೇ ಸೀಳಿತ್ತು. ನಾನು ಬೀದಿಗೆ ಓಡಿ ಟೋಬಿ ಮುಚ್ಚಿದೆ. ಚಾಚಾಗೆ ಫೋನು ಮಾಡಿದಾಗ, "ಇನ್ನ ನಿನ್ನ ಕೆಲಸ ಮುಗೀತು. ಲೈಸೆನ್ಸ್ ಇದ್ದವರನ್ನ ಕರೀರಿ. ಗೊತ್ತಿಲ್ಲದ್ದಕ್ಕ ಕೈ ಹಚ್ಚಬ್ಯಾಡ" ಎಂದರು.

ಆ ಸಂಜೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. "ನಿಮ್ಮ ಕಥೆ ಹೇಳಿಬಿಟ್ಟೆ ಚಾಚಾ. ಹೆಸರನ್ನೂ ಹೇಳಿದೆ."

ಆಕ್ಸಿಜನ್ ಕೊಳವೆಯನ್ನು ಮೂಗಿನ ಹತ್ತಿರ ಸರಿಮಾಡಿಕೊಂಡರು. ಕಿಟಕಿಯಾಚೆ ನೋಡಿದರು. "ಆ ಹುಡುಗ ಆರಿಸಿದ್ನಲ್ಲ?"

"ಆರಿಸಿದ."

"ಹಂಗಾದ್ರ ಎಲ್ಲಾರಿಗೂ ಹೇಳು. ಹೆಸರ ಹಾಕೇ ಹೇಳು. ಯಾರೋ ಒಬ್ಬವ ಅಂದ್ರ ಮಂದಿ ಕೇಳೂದಿಲ್ಲ."

ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೂರನೆಯ ದಿನ ಚಾಚಿಯನ್ನು ನೋಡಲು ಹೋದೆ. ಮನೆ ತುಂಬ ಹೆಂಗಸರು. ಮಂಡ್ಯದ ಹುಡುಗಿಯೂ ಮಗುವನ್ನು ಎತ್ತಿಕೊಂಡು ಬಂದಿದ್ದಳು. ನಮ್ಮ ಮನೆ ಉಳಿದದ್ದು ಚಾಚಾರಿಂದ ಎಂದು ಅವಳು ಯಾರಿಗೋ ಹೇಳುತ್ತಿದ್ದಳು. ಹೇಗೆ ಎಂದು ಅವರು ಕೇಳಿದಾಗ ಅವಳು ನನ್ನತ್ತ ಕೈ ತೋರಿಸಿದಳು. ಆ ಮುದುಕಿಯ ಮನೆ ಸುಟ್ಟದ್ದನ್ನೂ ನಿಜ ಹೇಳಿ ಚಾಚಾ ಕೆಲಸ ಕಳೆದುಕೊಂಡದ್ದನ್ನೂ ನಾನು ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಚಾಚಿ ನನ್ನನ್ನೇ ನೋಡುತ್ತಿದ್ದುದು ಕಂಡಿತು.

"ನಾ ಆವಾಗ ಗದಗದಾಗ ಇದ್ದೆ, ಮಕ್ಕಳ ಜೋಡಿ," ಎಂದರು ಮೆಲ್ಲಗೆ. "ಕೆಲಸ ಬಿಟ್ಟೆ ಅಂತಷ್ಟ ಬರದಿದ್ರು. ಎಷ್ಟು ಜಗಳಾಡಿದೆ ನಾನು ಫೋನಿನ್ಯಾಗ. ಯಾಕ ಬಿಟ್ರಿ, ಮಕ್ಕಳ ಗತಿ ಏನು ಅಂತ. ಒಂದ ಮಾತು ತಿರುಗಿ ಅನಲಿಲ್ಲ."

ಚಾಚಿ ಸೆರಗಿನಿಂದ ಮುಖ ಒರೆಸಿಕೊಂಡು, ಚಾಪೆಯ ಮೇಲೆ ನನ್ನ ಪಕ್ಕಕ್ಕೆ ಸರಿದು ಕುಳಿತರು.

"ಇನ್ನೊಮ್ಮೆ ಹೇಳು ತಂಗಿ. ಅವಸರ ಮಾಡಬ್ಯಾಡ."

ನಾನು ಮೊದಲಿನಿಂದ ಹೇಳಿದೆ.