ರೈಲು ಬಂದಾಗ ನಡುಗುತ್ತಿದ್ದ ದೀಪ

ಅಜ್ಜಂಪುರದ ನಮ್ಮ ಮನೆಯಲ್ಲಿ, ಬೆಳಗಿನ ಜಾವ ಹಚ್ಚಿದ ನಡುಮನೆಯ ದೀಪ ಕೆಲವು ಕಾಲ ನಡುಗುತ್ತಿತ್ತು. ಆರುತ್ತಿರಲಿಲ್ಲ, ಮಂಕಾಗಿ, ಮಿಟುಕಿ, ಮತ್ತೆ ನೆಟ್ಟಗಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ವೈರಿಂಗ್ ಮಾಡುವವನನ್ನು ಕರೆಸುತ್ತಿದ್ದರು. ನಾನು ಆ ನಡುಕದ ಕಾಲನಿರ್ಣಯಕ್ಕೆ ತೊಡಗಿದೆ.

ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ಕಡೂರು, ತರೀಕೆರೆ ಸೀಮೆಯ ಶಾಸನಗಳಲ್ಲಿ ಹೇಳಿರುವ ತಿಥಿ ವಾರಕ್ಕೆ ಹೊಂದುತ್ತದೆಯೇ, ಸಂವತ್ಸರ ಶಕವರ್ಷಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವುದರಲ್ಲೇ ನನ್ನ ಉದ್ಯೋಗಪರ್ವ ಕಳೆಯಿತು. ಎಮ್ಮೆದೊಡ್ಡಿಯ ಹುಲ್ಲುಗಾವಲಿನಂಚಿನಲ್ಲಿ ಒಂದು ವೀರಗಲ್ಲಿನ ಮುಂದೆ, ಅದರ ಅಮಾವಾಸ್ಯೆ ಸೋಮವಾರದ್ದೋ ಮಂಗಳವಾರದ್ದೋ ಎಂದು ನಾನು ಮೈಮರೆತು ನಿಂತಿದ್ದಾಗ, ಹಸುವೊಂದು ನನ್ನ ಚೀಲದಿಂದ ಪಂಚಾಂಗವನ್ನೇ ಎಳೆದು ಮೇಯತೊಡಗಿತ್ತು. ನಿವೃತ್ತಿಯ ನಂತರ ಕಲ್ಲುಗಳು ದೂರವಾದವು, ಚಟ ಉಳಿಯಿತು. ಹೆಂಡತಿ ‘ಮೊನ್ನೆ’ ಎಂದರೆ ಯಾವ ಮೊನ್ನೆ ಎಂದು ಕೇಳದೆ ನಾನು ಮುಂದಿನ ಮಾತು ಕೇಳಿಸಿಕೊಂಡವನಲ್ಲ.

ದೀಪ ನಡುಗುತ್ತಿದ್ದುದು ಬೆಳಗಿನ ರೈಲು ನಮ್ಮ ಊರಿಗೆ ಬರುವ ಹೊತ್ತಿಗೇ ಎಂಬುದು ಬಹುಬೇಗ ಸ್ಪಷ್ಟವಾಯಿತು. ನಮ್ಮ ಮಾರ್ಗಕ್ಕೆ ವಿದ್ಯುತ್ ತಂತಿ ಎಳೆದದ್ದು ಈಚಿನ ಸಂಗತಿ. ನಿಲ್ದಾಣದಿಂದ ಹೊರಡುವ ರೈಲು ಊರಿನ ವಿದ್ಯುತ್ತನ್ನೆಲ್ಲ ಒಮ್ಮೆಲೇ ಹೀರಿಕೊಳ್ಳುತ್ತದೆ ಎಂದು ನಾನು ತೀರ್ಮಾನಿಸಿದೆ. ರೈಲು ತಡವಾದ ದಿನ ದೀಪವೂ ತಡವಾಗಿ ನಡುಗಿತು. ಶಿವನಿಯ ಕಡೆ ಹಳಿ ದುರಸ್ತಿಯಾಗಿ ರೈಲೇ ಬಾರದ ದಿನ ಒಂದು ಸಲವೂ ಮಿಟುಕಲಿಲ್ಲ. ಇಷ್ಟು ನಿರ್ದುಷ್ಟವಾದ ಸಾಕ್ಷ್ಯ ನನಗೆ ಯಾವ ಶಾಸನದಲ್ಲೂ ದೊರೆತಿರಲಿಲ್ಲ. ಆ ದಿನ ನಮ್ಮಿಬ್ಬರ ಸ್ನಾನ ಬಿಸಿಲೇರಿ, ದೀಪ ಆರಿಸಿದ ಎಷ್ಟೋ ಹೊತ್ತಿನ ಮೇಲೆ ಆಯಿತೆಂಬುದು ನೆನಪಿದೆ. ಅದು ಸಾಕ್ಷ್ಯವೆಂದು ಮಾತ್ರ ತೋರಲಿಲ್ಲ. ನಡುಗಿದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಬಿತ್ತು.

ಒಂದೇ ತೊಡಕೆಂದರೆ, ರೈಲಿನ ತಂತಿ ಬಂದದ್ದು ಮೊದಲು, ನಡುಕ ಶುರುವಾದದ್ದು ಬಹಳ ತಡವಾಗಿ. ನಡುಕ ಎಂದಿನಿಂದ ಎಂದು ಹೆಂಡತಿಯನ್ನು ವಿಚಾರಿಸಿದೆ. “ಗೀಸರ್ ಹಾಕಿಸಿದ್ಮೇಲೆ ಕಣ್ರೀ,” ಎಂದಳು. ಹಬ್ಬವಾದ ಮೇಲೆ, ಮಳೆ ನಿಂತ ಮೇಲೆ ಎಂದು ಜನ ಹೇಳುವಂತೆ ಇದೂ ಒಂದು ಕಾಲಸೂಚನೆ ಎಂದು ಭಾವಿಸಿ, ಗೀಸರ್ ತಂದ ದಿನವನ್ನು ಶ್ರದ್ಧೆಯಿಂದ ಪತ್ತೆಹಚ್ಚಿದೆ. ಅಲ್ಲಿಂದಾಚೆಗೆ ನನ್ನ ಬುದ್ಧಿ ಒಂದು ಹೆಜ್ಜೆಯೂ ನಡೆಯಲಿಲ್ಲ.

ಆಮೇಲೆ ಬಚ್ಚಲುಮನೆಯ ಬಾಗಿಲ ಪಕ್ಕ, ಗೀಸರಿನ ಸ್ವಿಚ್ಚಿದ್ದ ಕಡೆ, ಒಂದು ವಾಸನೆ ಹುಟ್ಟಿತು. ಮೀನು ಹುರಿದಂಥ ವಾಸನೆ. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು; ಹೆಂಡತಿ ಹಿಂದಿನ ಮನೆಯವರ ಅಡಿಗೆಯನ್ನು ಶಂಕಿಸಿ ಕಿಟಕಿ ಮುಚ್ಚಿದಳು. ವಾಸನೆ ಒಳಗೇ ಉಳಿಯಿತು. ಸ್ವಿಚ್ಚಿನ ಬಿಳಿಯ ಹಲಗೆ ಅಂಚಿನಲ್ಲಿ ಕಂದು ತಿರುಗಿದ್ದನ್ನು ನಾನೂ ಕಂಡೆ. ಹಳತಾದ ವಸ್ತು ಬಣ್ಣ ತಿರುಗುವುದು ಸಹಜವೆಂದು, ಪುರಾತನ ವಸ್ತುಗಳೊಡನೆ ಬಾಳಿದವನ ಅಧಿಕಾರದಿಂದ ಹೇಳಿದೆ. ಆ ಹಲಗೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಹೀಗಿರುವಾಗ ತರೀಕೆರೆಯಿಂದ ಅಕ್ಕ ಬಂದಳು. ನನಗಿಂತ ದೊಡ್ಡವಳು, ಮೊಣಕಾಲು ನೋವಿನವಳು. ನೋವಿಗೆ ಬೆಳಿಗ್ಗೆ ಸಂಜೆ ಬಿಸಿನೀರು ಬೇಕು. ಬಚ್ಚಲಿನಿಂದ ಒದ್ದೆ ಕೈಯನ್ನು ಹೊರಗೆ ಚಾಚಿ ಸ್ವಿಚ್ಚು ಒತ್ತುವುದು ಅವಳ ರೂಢಿ. ತರೀಕೆರೆಯ ಅವಳ ಮನೆಯಲ್ಲಿ ಅದನ್ನು ನೋಡಿದ್ದೂ ನಾನು ಸುಮ್ಮನಿದ್ದೆ.

ಅವಳು ಬಂದ ಸಂಜೆಯೇ, ರೈಲಿನ ಸದ್ದಿಲ್ಲದೆ, ದೀಪ ನಡುಗಿತು. ನನ್ನ ಲೆಕ್ಕಕ್ಕೆ ಸಿಗದ ಗೂಡ್ಸ್ ಗಾಡಿಯೊಂದು ಇರಬೇಕೆಂದು ಗೇಟಿನವರೆಗೆ ಹೋಗಿ ಕಿವಿಗೊಟ್ಟು ನಿಂತೆ. ಏನೂ ಕೇಳಲಿಲ್ಲ. ಒಳಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಗೆ ಈ ವೈಪರೀತ್ಯವನ್ನು ತಿಳಿಸಿದೆ. ಅಕ್ಕ ಗೀಸರ್ ಹಾಕಿರುತ್ತಾರೆ ಎಂದು ಅವಳು ತಲೆಯೆತ್ತದೆ ಹೇಳಿದಳು. ಗೀಸರಿಗೂ ರೈಲಿಗೂ ಏನು ಸಂಬಂಧ ಎಂದು ಕೇಳಿದೆ.

“ಬೆಳಿಗ್ಗೆ ರೈಲು ಕೂಗಿದ್ ತಕ್ಷಣ ನಾನು ಎದ್ದೋಗಿ ಗೀಸರ್ ಹಾಕ್ತೀನಲ್ಲ. ಈ ಮನೇಲಿ ಗಡಿಯಾರ ನೋಡೋರು ನೀವೊಬ್ರೇ ಕಣ್ರೀ.”

ನನ್ನ ಸಿದ್ಧಾಂತ ಅವರೆಕಾಯಿಯ ಸಿಪ್ಪೆಯ ಜೊತೆ ಮೊರದಲ್ಲಿ ಬಿದ್ದಿತ್ತು. ಅದನ್ನು ಹೇಗೆ ಉಳಿಸಿಕೊಳ್ಳಲಿ ಎಂದು ನಾನು ಯೋಚಿಸುತ್ತಿದ್ದಾಗಲೇ ಬಚ್ಚಲಿನಿಂದ ಅಕ್ಕನ ದನಿ ಬಂತು.

“ಲೇ, ಈ ಸ್ವಿಚ್ಚು ಚಿರ್‌ ಅಂತೈತೆ ಕಣೋ. ಹೊಗೆ ಬೇರೆ ಬತ್ತೈತೆ.”

ಓಡಿಹೋಗಿ ನೋಡಿದರೆ, ಅಕ್ಕನ ಒಂದು ಕೈ ಸ್ವಿಚ್ಚಿನತ್ತ ಚಾಚಿತ್ತು. ಇನ್ನೊಂದು ಕೈಯಲ್ಲಿ ತುಂಬಿದ ಚೊಂಬು. ಹೊಗೆ ಕಂಡರೆ ನೀರು ಹಾಕಿಯೇ ಬೆಳೆದವರು ನಾವು.

“ಅಕ್ಕಾ, ಮುಟ್ಬೇಡ. ನೀರು ಹಾಕ್ಬೇಡ. ಕೈ ಹಿಂದಕ್ಕೆ ತಗೋ.”

ನನ್ನ ಜೀವಮಾನದಲ್ಲಿ ಆಧಾರ ಕೊಡದೆ ಆಡಿದ ಮಾತುಗಳು ಇವೇ ಇರಬೇಕು. ಅಕ್ಕ ಕೈ ಹಿಂದೆಗೆದಳು. ಹೆಂಡತಿ ಅವಳ ಭುಜ ಹಿಡಿದು ಜಗಲಿಗೆ ಕರೆದೊಯ್ದಳು. ನಾನು ಮೀಟರಿನ ಪಕ್ಕದ ಮೇನ್ ಸ್ವಿಚ್ ಆರಿಸಿದೆ. ಮನೆ ಕತ್ತಲಾಯಿತು, ನನ್ನ ಓದುವ ಕೋಣೆಯ ದೀಪವೊಂದು ಮಾತ್ರ ಉರಿಯುತ್ತಲೇ ಇತ್ತು. ನಾನು ಅದನ್ನೇ ನೋಡುತ್ತ, ಇದಕ್ಕೆ ಏನು ವಿವರಣೆ ಎಂದು ನಿಂತುಬಿಟ್ಟೆ. ಅದು ಇನ್ವರ್ಟರಿನ ದೀಪ, ಅದನ್ನೂ ಆರಿಸಿ ಈಚೆ ಬನ್ನಿ ಎಂದು ಹೆಂಡತಿ ಹೊರಗಿನಿಂದ ಗದರಿದಳು. ಆರಿಸಿ ಹೊರಬಂದೆ.

ಹೊಗೆ ಹೆಚ್ಚಾದರೆ ಅಗ್ನಿಶಾಮಕದವರಿಗೆ ಕರೆ ಮಾಡಲು ಫೋನ್ ಕೈಯಲ್ಲಿ ಹಿಡಿದು ಮೂವರೂ ಜಗಲಿಯ ಕೆಳಗೆ ನಿಂತೆವು. ಬಾಗಿಲಿನಿಂದ ಕಾಣುತ್ತಿದ್ದ ಹೊಗೆ ತೆಳುವಾಗಿ, ನಿಂತಿತು. ಒದ್ದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಕ್ಕ ಕೇಳಿದಳು:

“ಏನಪ್ಪಾ, ಇದು ಯಾವತ್ತಿಂದ ಹಿಂಗೈತೆ?”

ಜನ ನನಗೆ ಈ ಪ್ರಶ್ನೆ ಕೇಳಲಿ ಎಂದು ಬದುಕಿಡೀ ಕಾದವನು ನಾನು. ತಿಂಗಳು, ತಿಥಿ, ವಾರ ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ನೆನಪಿಲ್ಲ ಎಂದೆ.

“ನೆನಪಿಲ್ವೇ? ಕ್ಯಾಲೆಂಡರ್ ತುಂಬಾ ಗೀಚಿದ್ದೀರಲ್ಲ,” ಎಂದಳು ಹೆಂಡತಿ.

ಆ ರಾತ್ರಿ ಮೇನ್ ಹಾಕಲಿಲ್ಲ; ಟಾರ್ಚಿನ ಬೆಳಕಿನಲ್ಲಿ ಉಂಡೆವು. ಅಕ್ಕನ ಕಾಲಿಗೆ ಒಲೆಯ ಮೇಲೆ ನೀರು ಕಾಯಿತು. ಮರುದಿನ ಬಂದ ಎಲೆಕ್ಟ್ರಿಷಿಯನ್ ಗೋಡೆಯ ಡಬ್ಬಿ ಬಿಚ್ಚಿದಾಗ ಕಾರಣ ನಮಗೂ ಕಾಣಿಸಿತು: ಗೀಸರಿಗೆ ಬೇರೆ ತಂತಿ ಎಳೆಯದೆ, ನಡುಮನೆಯ ದೀಪದ ಸಣ್ಣ ತಂತಿಯಿಂದಲೇ ಕೊಂಡಿ ತೆಗೆದಿದ್ದರು. ಜೋಡಣೆ ಸಡಿಲವಾಗಿ, ಕಾದು, ಸುತ್ತಲಿನ ಪ್ಲಾಸ್ಟಿಕ್ ಕರಿದಾಗಿತ್ತು; ಮೀನಿನ ವಾಸನೆ ಅದರದೇ. ಈಗ ಗೀಸರಿಗೆ ದಪ್ಪ ತಂತಿಯೂ ಪ್ರತ್ಯೇಕ ಬ್ರೇಕರೂ ಇವೆ. ಬೆಳಗಿನ ರೈಲು ಕೂಗುತ್ತದೆ, ಹೆಂಡತಿ ಎದ್ದು ಹೋಗುತ್ತಾಳೆ, ದೀಪ ಅಲುಗುವುದಿಲ್ಲ. ನನಗೆ ಬೆಳಗಿನ ಹೊತ್ತು ಮಾಡಲು ಕೆಲಸವಿಲ್ಲ.

ಮೊನ್ನೆ ಅಕ್ಕ ತರೀಕೆರೆಯಿಂದ ಫೋನ್ ಮಾಡಿದಳು. ಅವಳ ಫ್ರಿಜ್ಜಿನ ಪ್ಲಗ್ಗು ಗುಯ್‌ಗುಟ್ಟುತ್ತಿದೆ, ಬಿಸಿಯಾಗಿದೆಯಂತೆ. ಯಾವತ್ತಿನಿಂದ ಎಂಬ ಪ್ರಶ್ನೆ ಗಂಟಲಿಗೆ ಬಂತು, ನುಂಗಿಕೊಂಡೆ. ಪ್ಲಗ್ಗು ಮುಟ್ಟದೆ ಮೊದಲು ಮೇನ್ ಆರಿಸಿ ಬಾ ಎಂದೆ. ಅವಳ ಮೊಣಕಾಲಿನ ವೇಗದಲ್ಲಿ ಹೋಗಿ ಬರುವವರೆಗೂ ಫೋನ್ ಕಿವಿಗೊತ್ತಿಕೊಂಡು ನಿಂತಿದ್ದೆ.

“ಆರಿಸ್ದೆ ಕಣೋ. ಹುಣ್ಣಿಮೆ ಮಾರನೇ ದಿನದಿಂದ ಹಿಂಗಾಡ್ತೈತೆ, ಮಂಗಳವಾರ.”

ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಕಬೇಡವೆಂದು ಹೇಳಿ, ಅವಳಿಂದ ಎರಡು ಸಲ ಹೂಂ ಅನ್ನಿಸಿ, ಫೋನ್ ಇಟ್ಟೆ. ಆಮೇಲೆ ಪಂಚಾಂಗ ತೆಗೆದು ನೋಡಿದೆ. ಬುಧವಾರ.