ನೆಗೆಣ್ಣಿ ಎಣ್ಣೆ ಹೊಡೆದ ಮೆಣಸಿನಗಿಡಗಳು

ನಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನ ಬೀಜವನ್ನು ಅಂಗಡಿಯಿಂದ ತಂದದ್ದೇ ಇಲ್ಲ. ಅತ್ತೆ ಪ್ರತಿವರ್ಷ ಹೊಲ ಸುತ್ತಿ, ಒಳ್ಳೆಯ ಗಿಡ ಆರಿಸಿ ಕೆಂಪು ದಾರ ಕಟ್ಟುತ್ತಾರೆ. ಆ ಗಿಡಗಳ ಹಣ್ಣೇ ಮರುವರ್ಷದ ಬೀಜ. ಮೇಡ್ಲೇರಿಯ ಹೊಲ ಅಣ್ಣತಮ್ಮಂದಿರಿಗೆ ಹಂಚಿಕೆಯಾದ ಮೇಲೂ ದಾರ ಬೀಳುತ್ತಿದ್ದದ್ದು ನನ್ನ ಸಾಲುಗಳಿಗೇ. ಹಿರಿಸೊಸೆ ನಾನು, ಅದು ನನ್ನ ಹಕ್ಕು ಅಂತಲೇ ತಿಳಿದಿದ್ದೆ.

ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ಬದುವಿನ ಮೇಲೆ ನಿಂಬೆಹಣ್ಣಿನ ಪರಿಮಳದ ಮಜ್ಜಿಗೆ ಹುಲ್ಲು ಬೆಳೆಸಿದ್ದಳು. ರಾಣೆಬೆನ್ನೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ, ಹುಲ್ಲು ಕುದಿಸಿ ಹಬೆಯಿಂದ ಎಣ್ಣೆ ಇಳಿಸುವುದನ್ನು ಕಲಿತು ಬಂದಿದ್ದಳು. ಹುಳ ಬರಬಾರದೆಂದು ಆ ಎಣ್ಣೆಯ ನಾಲ್ಕು ಹನಿ ಸೋಪಿನ ನೀರಿಗೆ ಕಲಸಿ ಮೆಣಸಿಗೆ ಹೊಡೆಯುತ್ತಿದ್ದಳು.

"ಅಕ್ಕಾರ, ನಿಮಗೂ ಒಂದು ಬಾಟ್ಲಿ ಕೊಡ್ಲೇನ್ರಿ?" ಅಂದಳು.

"ನನ್ನ ಗಿಡಕ್ಕ ಅತ್ತರ ಬ್ಯಾಡವಾ," ಅಂದೆ.

ನಕ್ಕಳು. ಅದಕ್ಕೂ ನನಗೆ ಮೈ ಉರಿಯಿತು.

ಎರಡೂ ಮನೆಗೆ ಔಷಧ ಹೊಡೆಯುವ ಪಂಪು ಒಂದೇ. ಒಂದು ದಿನ ನಾನು ಗೋವಿನಜೋಳಕ್ಕೆ ಕಳೆನಾಶಕ ಹೊಡೆದು, ಹಾವೇರಿ ಬಸ್ಸಿಗೆ ಹೊತ್ತಾಯಿತೆಂದು ಪಂಪಿಗೆ ಒಂದೇ ಚರಿಗೆ ನೀರು ಹಾಕಿ ಅಲುಗಾಡಿಸಿ ತೂಗುಹಾಕಿದೆ. ಮರುದಿನ ಅದರಲ್ಲೇ ಗಿಡ ಬೆಳೆಯುವ ಟಾನಿಕ್ಕು ಕಲಸಿ ಎರಡೂ ಮೆಣಸಿನ ಹೊಲಕ್ಕೆ ಹೊಡೆದವಳೂ ನಾನೇ, ಸರದಿ ನನ್ನದಿತ್ತು. ವಾರದೊಳಗೆ ನನ್ನ ಗಿಡಗಳ ಎಲೆ ಮುದುಡಿ ಚಿಗುರು ಬೆಳ್ಳಗಾಯಿತು. ಅವಳ ಗಿಡಗಳು ಅಂಚಿನಲ್ಲಿ ಒಂದಿಷ್ಟು ಹಳದಿಯಾಗಿ, ಹದಿನೈದು ದಿನದಲ್ಲಿ ಮತ್ತೆ ಹಸಿರಾದವು. ಒಂದೇ ಪಂಪು, ಒಂದೇ ಕೈ. ಅದೂ ಮೊದಲು ಹೊಡೆದದ್ದು ಅವಳ ಹೊಲಕ್ಕೆ, ಪಂಪಿನಲ್ಲಿ ಉಳಿದ ವಿಷ ಹೆಚ್ಚು ಬಿದ್ದಿರಬೇಕಾದದ್ದು ಅಲ್ಲಿಗೇ.

ನೋಡಲು ಬಂದ ಕೃಷಿ ಅಧಿಕಾರಿ ಎರಡೂ ಹೊಲದ ಎಲೆ ಕೈಯಲ್ಲಿ ಹಿಡಿದು, ನೆಗೆಣ್ಣಿಯ ಕಡೆ ತೋರಿಸಿ ಹೇಳಿದರು: "ಇದು ಕಳೆನಾಶಕದ ಪೆಟ್ಟು. ಇವರು ಅದಕ್ಕ ಎರಡು ದಿನ ಮೊದ್ಲ ಎಣ್ಣಿ ಹೊಡದಾರಲ್ಲ, ಅದು ಗಿಡದೊಳಗ ವಿಷ ಮುರಿಯೋ ಶಕ್ತಿನ ಎಬ್ಬಿಸಿರಬಹುದು. ಖಾತ್ರಿ ಹೇಳಾಕ ಬರಂಗಿಲ್ರಿ. ಎಣ್ಣಿ ಹೆಚ್ಚಾದ್ರ ಅದ ಎಲಿ ಸುಡತೈತಿ."

ನನಗೆ ಕೊನೆಯ ಮಾತೊಂದೇ ಹಿಡಿಸಿತು.

"ಆದ್ರ ಕಳೆನಾಶಕ ಮೆಣಸಿಗೆ ಹೆಂಗ ಬಂತು?" ಅಂತ ಅವರು ಕೇಳಿದಾಗ ನಾನು ಬಗ್ಗಿ ಮುದುಡಿದ ಎಲೆ ಕೀಳತೊಡಗಿದೆ.

"ಬಾಜೂ ಹೊಲದಿಂದ ಗಾಳಿಗೆ ಹಾರಿ ಬಂದಿರಬೇಕ್ರಿ," ಅಂದಳು ನೆಗೆಣ್ಣಿ. ಪಂಪಿನೊಳಗಿನ ವಾಸನೆ ಅವಳಿಗೂ ಬಡಿದಿತ್ತು, ನನಗೆ ಗೊತ್ತು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

ಕಾಯಿ ಕೆಂಪಾದಾಗ ಅತ್ತೆ ದಾರ ಹಿಡಿದು ಹೊರಟರು. ನನ್ನ ಸಾಲಿನ ಹತ್ತಿರ ಒಂದು ಗಳಿಗೆ ನಿಂತರು, ಬಗ್ಗಲಿಲ್ಲ. ಬದು ದಾಟಿ ಅವಳ ಹೊಲಕ್ಕೆ ಹೋದರು. ನಾನೂ ಹಿಂದೆಯೇ ಹೋದೆ, ಗಿಡಗಿಡದಲ್ಲೂ ಏನಾದರೂ ಕೊರತೆ ಸಿಗುತ್ತದೇನೋ ಎಂದು ಹುಡುಕುತ್ತ. ಸಿಗಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಕಣ್ಣು ತುಂಬಿ ಬಂತು. ಕಡೆಗೆ ತಡೆಯಲಾಗದೆ ಅಂದುಬಿಟ್ಟೆ: "ಅತ್ತೀ, ಪಂಪು ಸರಿ ತೊಳೀಲಿಲ್ರಿ ನಾನು."

ಅತ್ತೆ ಗಂಟು ಬಿಗಿಯುತ್ತ, "ಗೊತ್ತೈತಿ. ಅಕಿ ಅಧಿಕಾರಿ ಬಂದ ದಿನಾನ ಹೇಳ್ಯಾಳ. ನಿನಗ ಏನೂ ಅನಬ್ಯಾಡ್ರಿ ಅಂತನೂ ಹೇಳ್ಯಾಳ," ಅಂದರು.

ಬೀಜ ಅವಳ ಪಾಲಾದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ತಪ್ಪು ಒಪ್ಪಿಕೊಂಡ ಸಮಾಧಾನವನ್ನಾದರೂ ನನಗೆ ಬಿಡಬಹುದಿತ್ತಲ್ಲ ಅವಳು!